ವಜ್ರ-ಗಂಟೆಯೋ, ಏಳು ಬಟ್ಟಲೋ? ಕಾಸರಗೋಡಿನ ಮನೆಗೆ ಬೌದ್ಧ ಪೂಜಾ ಸಾಮಾನು ಆರಿಸುವ ಬಗೆ

ಚೆರ್ಕಳದಿಂದ ಮುಳ್ಳೇರಿಯ, ಜಾಲ್ಸೂರು, ಸುಳ್ಯ. ಸಂಪಾಜೆ ಘಾಟಿ ಹತ್ತಿ ಮಡಿಕೇರಿ. ಕುಶಾಲನಗರ ದಾಟಿದರೆ ಟಿಬೆಟಿಯನ್ನರ ನೆಲೆ ಬೈಲಕುಪ್ಪೆ. ನಮ್ಮ ಕಡೆಯಿಂದ ಹೋದವರು ನಾಮ್‌ಡ್ರೋಲಿಂಗ್ ಮಠದ ಚಿನ್ನದ ಬಣ್ಣದ ಮೂರು ಮೂರ್ತಿ ನೋಡಿ, ಹೊರಗಿನ ಅಂಗಡಿಸಾಲಿನಲ್ಲಿ ಅರ್ಧ ಗಂಟೆ ಸುತ್ತಿ, ಕಣ್ಣಿಗೆ ಚಂದ ಕಂಡದ್ದೊಂದನ್ನು ಕಟ್ಟಿಸಿಕೊಂಡು ಇಳಿಯುತ್ತಾರೆ. ಆಟಿ ತಿಂಗಳು ಕಳೆಯುವಷ್ಟರಲ್ಲಿ ಅದು ಕಿಲುಬು ಹಿಡಿದು ಷೋಕೇಸಿನ ಮೂಲೆ ಸೇರಿರುತ್ತದೆ. ತಪ್ಪು ಹೆಚ್ಚಾಗಿ ಸಾಮಾನಿನದ್ದಲ್ಲ, ಆರಿಸಿದ ಕ್ರಮದ್ದು. ಈ ವಸ್ತುಗಳಿಗೆ ಒಂದು ವ್ಯಾಕರಣ ಉಂಟು: ಎಷ್ಟು ದಳ, ಎಷ್ಟು ಮೊನೆ, ಯಾವ ಕೈ. ಇಲ್ಲಿ ವಜ್ರ ಎಂದರೆ ಹರಳಲ್ಲ, ಎರಡೂ ತುದಿಗೆ ಮೊನೆಗಳಿರುವ, ಕೈಯಲ್ಲಿ ಹಿಡಿಯುವ ಲೋಹದ ಪೂಜಾ ಸಾಧನ. ವ್ಯಾಕರಣ ತಪ್ಪಿದ ವಜ್ರ ಎಷ್ಟೇ ಹೊಳೆದರೂ ಪೇಪರ್‌ವೆಯ್ಟ್ ಮಾತ್ರ.

ತೀರ್ಮಾನವನ್ನು ಮೊದಲೇ ಹೇಳಿಬಿಡುವುದಾದರೆ, ದೀಕ್ಷೆ ಪಡೆಯದವರು ಮೊದಲು ಕೊಳ್ಳಬೇಕಾದ್ದು ವಜ್ರ-ಗಂಟೆ ಅಲ್ಲ, ಏಳು ನೀರಿನ ಬಟ್ಟಲು ಮತ್ತು ಒಂದು ದೀಪ. ಜಪ ಮಾಡುವವರಿಗೆ ಮಾಲೆ. ವಜ್ರ-ಗಂಟೆ ಅಭಿಷೇಕ, ಅಂದರೆ ತಾಂತ್ರಿಕ ದೀಕ್ಷೆ, ಆದವರ ಸಾಧನ. ಅದನ್ನು ಯಾವ ಅಳತೆಯಲ್ಲಿ, ಎಷ್ಟು ಮೊನೆಯದ್ದು ಕೊಳ್ಳಬೇಕೆಂದು ದೀಕ್ಷೆ ಕೊಟ್ಟ ಗುರುವನ್ನೇ ಕೇಳಬೇಕು. ಹಾಡುವ ಬಟ್ಟಲು (ಸಿಂಗಿಂಗ್ ಬೌಲ್) ಇವೆಲ್ಲದರ ನಂತರ.

ಮೊದಲು ಪರಂಪರೆ

ಬೌದ್ಧರೆಲ್ಲರೂ ವಜ್ರ ಹಿಡಿಯುವುದಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರರು ಧಮ್ಮ ಸ್ವೀಕರಿಸಿದ ದಾರಿಯಲ್ಲಿ ನಡೆಯುವ ಮನೆಗಳಲ್ಲಿ ಬುದ್ಧವಂದನೆಗೆ ದೀಪ, ಧೂಪ, ಹೂವು ಸಾಕು. ಶ್ರೀಲಂಕಾ, ಥಾಯ್ಲೆಂಡ್ ಕಡೆಯ ಥೇರವಾದಿಗಳದ್ದೂ ಹೆಚ್ಚುಕಡಿಮೆ ಇದೇ ಪದ್ಧತಿ. ಅಂಥ ಮನೆಗೆ ವಜ್ರವನ್ನು ಉಡುಗೊರೆ ಕೊಡುವುದು ಶಿವನ ಗುಡಿಗೆ ಗರುಡಗಂಬ ಕಳಿಸಿದ ಹಾಗೆ. ವಜ್ರ, ಗಂಟೆ, ಕೀಲಾಯುಧ, ಡಮರು ಇವೆಲ್ಲ ವಜ್ರಯಾನ ಎಂಬ ತಾಂತ್ರಿಕ ಬೌದ್ಧ ದಾರಿಯದ್ದು. ಟಿಬೆಟ್, ನೇಪಾಳ, ಭೂತಾನ್, ಲಡಾಖ್ ಕಡೆ ಬಳಕೆಯಲ್ಲಿರುವಂಥದ್ದು. ವಜ್ರ, ಗಂಟೆ ಜಪಾನಿನ ಶಿಂಗೋನ್ ಪಂಥದಲ್ಲೂ ಉಂಟು.

ಬೈಲಕುಪ್ಪೆಯೊಳಗೇ ಟಿಬೆಟಿಯನ್ ಬೌದ್ಧರ ಒಂದಕ್ಕಿಂತ ಹೆಚ್ಚು ದಾರಿ. ನಾಮ್‌ಡ್ರೋಲಿಂಗ್ ನಿಂಗ್ಮಾ ಪರಂಪರೆಯ ಮಠ, ಶುರುವಾದದ್ದು 1963ರಲ್ಲಿ. ಸೆರಾ, ತಾಶಿ ಲ್ಹುನ್ಪೊ ಮಠಗಳು ಗೆಲುಗ್ ಪರಂಪರೆಯವು. ಮೊನೆಗಳ ಲೆಕ್ಕದ ಮಾತು ಬಂದಾಗ ಇದು ಉಪಯೋಗಕ್ಕೆ ಬರುತ್ತದೆ.

ವಜ್ರ: ಐದು ಮೊನೆಯೋ, ಒಂಬತ್ತೋ

ಟಿಬೆಟಿಯನ್ ಮಾತಿನಲ್ಲಿ ದೋರ್ಜೆ. ಬಲಗೈಯಲ್ಲಿ ಹಿಡಿಯುವುದು. ಕರುಣೆ ಮತ್ತು ಉಪಾಯದ ಗುರುತು, ಗಂಡು ಅಂಶ. ಎಡಗೈಯ ಗಂಟೆ ಪ್ರಜ್ಞೆ, ಹೆಣ್ಣು ಅಂಶ. ನಮ್ಮಲ್ಲಿ ದೈವದ ಪಾತ್ರಿ ಒಂದು ಕೈಯಲ್ಲಿ ಕಡ್ಸಲೆ, ಇನ್ನೊಂದರಲ್ಲಿ ಗಂಟೆ ಹಿಡಿದು ನಿಲ್ಲುವುದನ್ನು ಕಂಡವರಿಗೆ ಆಯುಧ ಮತ್ತು ನಾದದ ಈ ಜೋಡಿ ತೀರ ಅಪರಿಚಿತ ಅನ್ನಿಸದು, ಅರ್ಥ ಬೇರೆಯಾದರೂ.

ಅಂಗಡಿಯಲ್ಲಿ ವಜ್ರವನ್ನು ಕೈಗೆತ್ತಿಕೊಂಡು ನಡುವಿನಿಂದ ತುದಿಯ ಕಡೆಗೆ ಓದುತ್ತಾ ಹೋಗಿ. ನಡುವೆ ಒಂದು ಗುಂಡು, ಅದು ಶೂನ್ಯತೆ. ಅದರ ಎರಡೂ ಬದಿಗೆ ಮಣಿ ಪೋಣಿಸಿದಂಥ ಬಳೆಗಳು. ಆಮೇಲೆ ತಾವರೆ, ಬದಿಗೆ ಎಂಟು ದಳ. ದಳದ ತುದಿಯಲ್ಲಿ ಮತ್ತೆ ಬಳೆಗಳು. ಅಲ್ಲಿಂದ ಮೊನೆಗಳು ಹೊರಡುತ್ತವೆ, ಆದರೆ ನೇರವಾಗಿ ಅಲ್ಲ: ಹೊರಗಿನ ಪ್ರತಿಯೊಂದು ಮೊನೆಯೂ ಒಂದು ಮಕರದ ಬಾಯಿಂದ ಹೊರಬರುತ್ತದೆ. ನಮ್ಮ ದೇವಸ್ಥಾನಗಳ ಮಕರತೋರಣದಲ್ಲಿ ಕಾಣುವ ಅದೇ ಪ್ರಾಣಿ, ಆನೆಯ ಸೊಂಡಿಲು, ಮೊಸಳೆಯ ದವಡೆ. ಕಚ್ಚಿದ್ದನ್ನು ಬಿಡದ ಪ್ರಾಣಿ ಅಂತ ಅದನ್ನಲ್ಲಿ ಕೂರಿಸಿದ್ದು. ಅಗ್ಗದ ಎರಕದಲ್ಲಿ ಮೊದಲು ಹಾಳಾಗುವುದು ಈ ಮಕರಗಳೇ: ಕಣ್ಣು, ಸೊಂಡಿಲು ಯಾವುದೂ ಇಲ್ಲದೆ ಹಲಸಿನ ಬೀಜದಂಥ ಒಂದು ಉಂಡೆ ಉಳಿದಿರುತ್ತದೆ. ಬೇರೇನೂ ನೋಡಲು ಪುರುಸೊತ್ತಿಲ್ಲದಿದ್ದರೆ ಇದೊಂದನ್ನು ನೋಡಿ.

ಐದು ಮೊನೆಯದ್ದರಲ್ಲಿ ನಡುವೆ ಒಂದು, ಸುತ್ತ ನಾಲ್ಕು. ಒಂದು ಕಡೆಯ ಐದು ಮೊನೆ ಐವರು ಬುದ್ಧರು: ವೈರೋಚನ, ಅಕ್ಷೋಭ್ಯ, ರತ್ನಸಂಭವ, ಅಮಿತಾಭ, ಅಮೋಘಸಿದ್ಧಿ. ಇನ್ನೊಂದು ಕಡೆಯವು ಅವರ ಸಂಗಾತಿಗಳಾದ ಐವರು ಪ್ರಜ್ಞೆಯರು. ಒಂಬತ್ತು ಮೊನೆಯದ್ದರಲ್ಲಿ ಸುತ್ತ ಎಂಟು. ನಿಂಗ್ಮಾದವರು ಅದನ್ನು ತಮ್ಮ ಒಂಬತ್ತು ಯಾನಗಳಿಗೆ, ಅಂದರೆ ಸಾಧನೆಯ ಒಂಬತ್ತು ಮೆಟ್ಟಿಲುಗಳಿಗೆ, ಹೊಂದಿಸುತ್ತಾರೆ. ಎಲ್ಲ ಕಡೆ ನಡೆಯುವಂಥದ್ದು ಐದು ಮೊನೆಯದ್ದೇ. ಯಾರೂ ಏನೂ ಹೇಳಿಕೊಟ್ಟಿಲ್ಲವಾದರೆ ಐದಕ್ಕೇ ನಿಲ್ಲಿ. ಕೆಲಸದ ದೃಷ್ಟಿಯಿಂದಲೂ ಅದು ವಾಸಿ: ಒಂಬತ್ತರಲ್ಲಿ ಸಂದು ಕಿರಿದು, ಧೂಳೂ ಕಿಲುಬೂ ಒಳಗೆ ಕೂತರೆ ಬ್ರಷ್ ಹೋಗುವುದಿಲ್ಲ.

ಮೊನೆಗಳ ತುದಿ ಕೂಡಿರಬೇಕೋ ಬಿಡಿಯಾಗಿರಬೇಕೋ ಎಂಬುದು ಚಂದದ ಪ್ರಶ್ನೆಯಲ್ಲ. ಕೂಡಿದ್ದು ಶಾಂತ, ಬಿಚ್ಚಿಕೊಂಡದ್ದು ಉಗ್ರ. ಶೋಭೆಗೆಂದು ಬಿಚ್ಚಿದ ಮೊನೆಯದ್ದನ್ನು ದೇವರ ಕೋಣೆಗೆ ತರುವವರಿದ್ದಾರೆ. ಯಾವ ದೇವತೆಯ ಸಾಧನೆ ಎಂದು ಗೊತ್ತಿದ್ದವರು ಹಾಗೆ ಮಾಡುವುದಿಲ್ಲ.

ಕೈಯ ಪರೀಕ್ಷೆ ಮೂರು. ನಡುವಿನ ಗುಂಡನ್ನು ತೋರುಬೆರಳ ಮೇಲೆ ಇಟ್ಟರೆ ವಜ್ರ ತಕ್ಕಡಿಯ ಹಾಗೆ ನಿಲ್ಲಬೇಕು. ಒಂದು ಬದಿಗೆ ವಾಲಿದರೆ ಎರಕದೊಳಗೆ ಗಾಳಿಗುಳ್ಳೆ ಉಂಟು, ಇಲ್ಲವೇ ಒಂದು ತುದಿಯನ್ನು ಅರದಲ್ಲಿ ಜಾಸ್ತಿ ಉಜ್ಜಿದ್ದಾರೆ. ಮುಷ್ಟಿಯಲ್ಲಿ ಹಿಡಿದರೆ ಎರಡೂ ಕಡೆಯ ಮೊನೆ ಹೊರಗೆ ಕಾಣಬೇಕು. ಕಾಣದಿದ್ದರೆ ನಿಮ್ಮ ಕೈಗೆ ಅದು ಚಿಕ್ಕದು. ಮೂರನೆಯದು ಅಯಸ್ಕಾಂತ: ಅಂಟಿದರೆ ಕಬ್ಬಿಣಕ್ಕೆ ಮೆರುಗು ಕೊಟ್ಟದ್ದು. ಅಂಟದಿದ್ದರೂ ಗೆದ್ದಂತಲ್ಲ, ಸತುವಿನ ಮಿಶ್ರಲೋಹಕ್ಕೂ ಅಯಸ್ಕಾಂತ ಅಂಟದು. ಅದನ್ನು ಗುರುತಿಸಲು ಕಾಣದ ಮೂಲೆಯಲ್ಲಿ ಗೀರಿ ನೋಡಲು ಅಂಗಡಿಯವರನ್ನು ಕೇಳಿ. ಒಳಗೆ ಬೂದುಬಣ್ಣ ಕಂಡರೆ ಅದು ಹಿತ್ತಾಳೆಯೂ ಅಲ್ಲ, ಕಂಚೂ ಅಲ್ಲ.

ಗಂಟೆ: ಕಿವಿಯಿಂದ ಆರಿಸುವುದು

ನಮ್ಮ ಪೂಜೆಯ ಕೈಗಂಟೆಯ ಹಿಡಿಯ ಮೇಲೆ ನಂದಿಯೋ ಗರುಡನೋ ಹನುಮಂತನೋ ಇರುತ್ತದೆ. ಬೌದ್ಧ ಗಂಟೆಯ ಹಿಡಿಯ ತುದಿಯಲ್ಲಿ ಅರ್ಧ ವಜ್ರ, ಅದರ ಕೆಳಗೆ ಪ್ರಜ್ಞೆಯ ದೇವಿ ಪ್ರಜ್ಞಾಪಾರಮಿತೆಯ ಮುಖ, ಬುಡದಲ್ಲಿ ಕಲಶ. ಗಂಟೆಯ ಭುಜದ ಮೇಲೆ ಎಂಟು ದಳದ ತಾವರೆ, ದಳಕ್ಕೊಂದರಂತೆ ಎಂಟು ಬೀಜಾಕ್ಷರ. ಮೈಸುತ್ತ ಕೀರ್ತಿಮುಖಗಳು, ಅವುಗಳ ಬಾಯಿಂದ ಇಳಿಬಿದ್ದ ಮಣಿಹಾರಗಳು. ನಮ್ಮವರು ಸಿಂಹಲಲಾಟ ಎಂದು ಪ್ರಭಾವಳಿಯ ನೆತ್ತಿಯಲ್ಲಿ ಕೂರಿಸುವ ಮುಖವೇ ಅದು. ಅಂಚಿಗೆ ಹತ್ತಿರ ಅಡ್ಡ ಮಲಗಿದ ವಜ್ರಗಳ ಒಂದು ಸುತ್ತು: ಅದು ವಜ್ರದ ಬೇಲಿ, ಮಂಡಲದ ಎಲ್ಲೆ. ಒಟ್ಟಿನಲ್ಲಿ ಗಂಟೆ ಎಂದರೆ ಮಗುಚಿಟ್ಟ ಮಂಡಲ.

ಬೀಜಾಕ್ಷರಗಳನ್ನು ಓದಲು ಬಾರದಿದ್ದರೂ ಎಣಿಸಬಹುದು. ಎಂಟಿರಬೇಕು, ಎಂಟೂ ಒಂದಕ್ಕೊಂದು ಬೇರೆ ಬೇರೆಯಾಗಿ ಕಾಣಬೇಕು. ಕೆಲವು ಅಚ್ಚಿನಲ್ಲಿ ಅಕ್ಷರದ ಜಾಗದಲ್ಲಿ ಬರೀ ಗೀಚು. ಅಚ್ಚಿನಿಂದ ಅಚ್ಚು ತೆಗೆದು ತೆಗೆದು ಸವೆದ ಗುರುತು ಅದು: ಹಳೆ ಗಂಟೆಯಿಂದ ಅಚ್ಚು ತೆಗೆದು ಎರೆದರೆ ಲೋಹ ಆರುವಾಗ ತುಸು ಕುಗ್ಗುತ್ತದೆ, ಗೆರೆ ಮಂಕಾಗುತ್ತದೆ, ಆ ನಕಲಿನ ನಕಲಿಗೆ ಇನ್ನೂ ಮಂಕು.

ಜೋಡಿ ಬಿಡಿಸಿ ಕೊಳ್ಳಬೇಡಿ. ವಜ್ರ ಐದು ಮೊನೆಯದ್ದಾದರೆ ಗಂಟೆಯ ಹಿಡಿಯಲ್ಲೂ ಐದೇ ಮೊನೆ ಇರಬೇಕು.

ಇನ್ನು ನಾದ. ಗಂಟೆಗೆ ಬೇಕಾದ್ದು ಕಂಚು, ನೂರರಲ್ಲಿ ಸುಮಾರು 78 ಪಾಲು ತಾಮ್ರ, 22 ಪಾಲು ತವರ. ತವರ ಹೆಚ್ಚಿದ್ದಷ್ಟು ಲೋಹ ಗಡಸಾಗಿ ನಾದ ಉದ್ದ ನಿಲ್ಲುತ್ತದೆ, ಬಿದ್ದರೆ ಸೀಳುವುದೂ ಬೇಗ. ಹಿತ್ತಾಳೆ ತಾಮ್ರ ಮತ್ತು ಸತು. ಅದಕ್ಕೆ ನಾದ ಮೋಟು. ಅಂಗಡಿಯಲ್ಲಿ ಗಂಟೆಯನ್ನು ಹಿಡಿಯಿಂದ ಹಿಡಿದು ಒಳನಾಲಗೆ ಆಡದಂತೆ ಓರೆ ಮಾಡಿ, ಹೊರಗಿನ ತುಟಿಗೆ ಉಗುರಿನಿಂದ ಒಮ್ಮೆ ತಟ್ಟಿ. ಗಡಿಯಾರ ನೋಡಿ: ಹತ್ತು ಸೆಕೆಂಡಿನೊಳಗೆ ಸದ್ದು ಸತ್ತುಹೋದರೆ ಕೆಳಗಿಡಿ. ನಾದದ ಜತೆ ದುಂಬಿ ಗುಂಯ್‌ಗುಟ್ಟಿದ ಹಾಗೆ ಝರ್ ಎಂದರೆ ಎರಡರಲ್ಲೊಂದು: ಮೈಯಲ್ಲಿ ಕೂದಲೆಳೆಯ ಸೀಳು, ಇಲ್ಲವೇ ಹಿಡಿ ಸಡಿಲ. ಹಿಡಿಯನ್ನು ಬೇರೆಯಾಗಿ ಎರೆದು ಕೂಡಿಸಿದ ಗಂಟೆಗಳೇ ಹೆಚ್ಚು. ಒಂದು ಕೈಯಲ್ಲಿ ಭುಜ, ಇನ್ನೊಂದರಲ್ಲಿ ಹಿಡಿ ಹಿಡಿದು ಮೆಲ್ಲಗೆ ತಿರುಚಿ. ಚೂರು ಅಲುಗಿದರೂ ಅಲ್ಲೇ ನಾದ ಸೋರುತ್ತದೆ. ನಾಲಗೆ ಬಡಿಯಬೇಕಾದ್ದು ತುಟಿಯ ದಪ್ಪ ಭಾಗಕ್ಕೆ. ಅದು ಉದ್ದವಾಗಿ ಅಂಚಿಗೆ ತಗುಲಿದರೆ ಕಿಣಿಕಿಣಿ. ಕೊಂಡಿಯನ್ನು ಒಂದು ಸುತ್ತು ಮಡಚಿದರೆ ಸರಿಹೋಗುವ ದೋಷ ಇದು, ಇದಕ್ಕಾಗಿ ಒಳ್ಳೆಯ ಗಂಟೆಯನ್ನು ಬಿಡಬೇಡಿ.

ಎರಕದ ಊರುಗಳಲ್ಲಿ ಮೇಲ್ಮಟ್ಟದ್ದು ನೇಪಾಳದ ಪಾಟನ್. ಅಲ್ಲಿನ ನೇವಾರರು ಮೇಣದ ಎರಕದಲ್ಲಿ ಒಂದೊಂದನ್ನೂ ಪ್ರತ್ಯೇಕವಾಗಿ ಕಡೆದು ಮಾಡುತ್ತಾರೆ. ಡೆಹ್ರಾಡೂನಿನ ಮಾಲು ಅಂತ ಅಂಗಡಿಯವರು ತೋರಿಸುವಂಥದ್ದು ನಾದದಲ್ಲಿ ಒಳ್ಳೆಯದಿರುತ್ತದೆ.

ನಮ್ಮ ಕಡೆ ಎರೆಸಬಹುದೇ?

ಆಗದ ಮಾತೇನಲ್ಲ. ಪಯ್ಯನ್ನೂರಿನ ಹತ್ತಿರದ ಕುಂಞಿಮಂಗಲದಲ್ಲಿ ಮೇಣ, ಗದ್ದೆಮಣ್ಣು, ಕಂಚು ಮೂರನ್ನೂ ತಲೆಮಾರುಗಳಿಂದ ಬಲ್ಲ ಮೂಶಾರಿಗಳಿದ್ದಾರೆ. ಬೌದ್ಧ ಮೂರ್ತಿಯ ಎರಕ ಈ ಕರಾವಳಿಗೆ ಹೊಸತೂ ಅಲ್ಲ: ಮಂಗಳೂರಿನ ಕದ್ರಿಯಲ್ಲಿ ಇವತ್ತೂ ಇರುವ ಲೋಕೇಶ್ವರನ ಕಂಚಿನ ಮೂರ್ತಿಯ ಪೀಠದಲ್ಲಿ ಆಳುಪ ದೊರೆ ಕುಂದವರ್ಮನ 968ರ ಶಾಸನ ಉಂಟು. ನಾದದ ಮಟ್ಟಿಗೆ ಮೂಶಾರಿಗಳ ಕೆಲಸವನ್ನು ಕಣ್ಣುಮುಚ್ಚಿ ನಂಬಬಹುದು. ತೊಡಕು ವ್ಯಾಕರಣದ್ದು. ಮೊಬೈಲಿನ ಫೋಟೋ ತೋರಿಸಿ ಗಂಟೆ ಮಾಡಿಸಿದರೆ ಕೀರ್ತಿಮುಖ ಭಗವತಿಯ ಮುಖವಾಗಿಯೂ, ಬೀಜಾಕ್ಷರ ಬಳ್ಳಿಯಾಗಿಯೂ ಬಂದೀತು. ಒಂದು ಸರಿಯಾದ ಗಂಟೆಯನ್ನೇ ಎದುರಿಗಿಡಿ, ಆದರೆ ಅದರಿಂದ ಅಚ್ಚು ತೆಗೆಸಬೇಡಿ. ನೋಡಿಕೊಂಡು ಮೇಣದಲ್ಲಿ ಹೊಸದಾಗಿ ಕಡೆಯಲು ಹೇಳಿ. ಅಕ್ಷರಗಳನ್ನು ಮಠದಲ್ಲಿ ಕಾಗದದ ಮೇಲೆ ನಿಜ ಅಳತೆಯಲ್ಲಿ ಬರೆಸಿಕೊಂಡು ಕೊಡಿ. ಮೇಣದ ಮಾದರಿ ಮುಗಿದಾಗ ಒಮ್ಮೆ ಹೋಗಿ ದಳ ಎಣಿಸಿ ಬನ್ನಿ. ಮೇಲೆ ಮಣ್ಣು ಮೆತ್ತಿದ ಮೇಲೆ ಹೇಳಿ ಪ್ರಯೋಜನವಿಲ್ಲ.

ಹಾಡುವ ಬಟ್ಟಲು

ಟಿಬೆಟಿನ ಹಾಡುವ ಬಟ್ಟಲು ಎಂದು ಮಾರುವಂಥದ್ದು ಟಿಬೆಟಿಯನ್ ಮಠಗಳ ಪೂಜಾವಿಧಿಯಲ್ಲಿ ಬರುವ ಸಾಧನವಲ್ಲ. ಹಿಮಾಲಯದ ಕಡೆಯ ಕಂಚಿನ ಬಟ್ಟಲುಗಳು 1970ರ ದಶಕದಿಂದೀಚೆ ಪಶ್ಚಿಮದ ದೇಶಗಳಲ್ಲಿ ಧ್ಯಾನಕ್ಕೆ, ಮಸಾಜಿಗೆ ಹೆಸರಾಗಿ, ಆ ಹೆಸರನ್ನು ಹೊತ್ತುಕೊಂಡೇ ನಮ್ಮಲ್ಲಿಗೆ ವಾಪಸಾದವು. ಪೂಜೆಯ ಭಾಗವಾಗಿ ಬಟ್ಟಲನ್ನು ಬಾರಿಸುವುದು ನೋಡಬೇಕೆಂದರೆ ಜಪಾನಿನ ರಿನ್ ಎಂಬುದನ್ನು ನೋಡಬೇಕು. ಏಳು ಗ್ರಹಕ್ಕೆ ಏಳು ಲೋಹ ಎಂಬ ಮಾತನ್ನು ಕೇಳಿ ದುಡ್ಡು ಜಾಸ್ತಿ ಕೊಡಬೇಡಿ. ಒಳ್ಳೆಯ ಬಟ್ಟಲು ತಾಮ್ರ ಮತ್ತು ತವರ, ಅಷ್ಟೇ.

ಧ್ಯಾನಕ್ಕೆ ಕೂರಲು, ಏಳಲು ಒಂದು ಸದ್ದು ಬೇಕೆನ್ನುವವರಿಗೆ ಮಾತ್ರ ಇದು ಒಳ್ಳೆಯ ಆಯ್ಕೆ. ಸುತ್ತಿಗೆಯಲ್ಲಿ ತಟ್ಟಿ ಮಾಡಿದ್ದೋ, ಯಂತ್ರದಲ್ಲಿ ಕಡೆದದ್ದೋ ಎಂಬುದೇ ಮುಖ್ಯ ಹೋಲಿಕೆ. ತಟ್ಟಿದ್ದರ ಗೋಡೆಯ ದಪ್ಪ ಎಲ್ಲ ಕಡೆ ಒಂದೇ ಇರದು. ಅದರಿಂದ ಒಂದಕ್ಕೊಂದು ತೀರ ಹತ್ತಿರದ ಎರಡು ಸ್ವರ ಹುಟ್ಟಿ, ಸದ್ದು ಅಲೆಯಂತೆ ಏರಿಳಿಯುತ್ತದೆ. ಕಡೆದದ್ದಕ್ಕೆ ಅಲೆ ಕಮ್ಮಿ, ಸ್ವರ ನೇರ. ಹೊರಗೆ ಸುತ್ತಿಗೆಗುರುತು ಒತ್ತಿ, ಒಳಗೆ ಕಡೆದ ಗೆರೆಗಳಿರುವ ಮೋಸದ ಮಾಲೂ ಉಂಟು: ಬೆರಳನ್ನು ಒಳಗೆ ಸುತ್ತ ಆಡಿಸಿದರೆ ಗ್ರಾಮಫೋನ್ ತಟ್ಟೆಯ ಹಾಗೆ ತಗುಲುತ್ತದೆ. ಅಂಗೈಯನ್ನು ಚಪ್ಪಟೆ ಮಾಡಿ ಅದರ ಮೇಲಿಟ್ಟು ಬಾರಿಸಿ. ಬೆರಳು ಮೇಲೆ ಬಂದು ಗೋಡೆ ಮುಟ್ಟಿದರೆ ಎಂಥ ಬಟ್ಟಲೂ ಮೂಕ.

ಏಳು ಬಟ್ಟಲು

ನಮ್ಮವರಿಗೆ ತೀರ ಹತ್ತಿರದ್ದು ಇದು. ಅರ್ಘ್ಯ, ಪಾದ್ಯ, ಪುಷ್ಪ, ಧೂಪ, ಆಲೋಕ, ಗಂಧ, ನೈವೇದ್ಯ: ಹೆಸರು ಕೇಳಿದರೆ ಮನೆಯ ಪೂಜೆಯ ಉಪಚಾರಗಳೇ ಸಾಲಾಗಿ ಕೂತಂತೆ. ಎಂಟನೆಯದು ಶಬ್ದ, ಅದಕ್ಕೆ ಬಟ್ಟಲಿಲ್ಲ. ದಿನನಿತ್ಯಕ್ಕೆ ಏಳರಲ್ಲೂ ಬರೀ ನೀರು ನಡೆಯುತ್ತದೆ. ನೀರು ಕೊಟ್ಟದ್ದಕ್ಕೆ ಯಾರಿಗೂ ಜಂಭ ಬರದು, ಅದೇ ನೀರನ್ನು ಇಟ್ಟದ್ದರ ಕಾರಣ ಎನ್ನುತ್ತಾರೆ.

ಬೆಳಿಗ್ಗೆ ನಿಮ್ಮ ಎಡದಿಂದ ಬಲಕ್ಕೆ ತುಂಬಿ. ಬಟ್ಟಲುಗಳ ನಡುವೆ ಒಂದು ಜವೆಗೋಧಿ ಕಾಳಿನಷ್ಟು ಸಂದು. ಮುಟ್ಟಿಕೊಳ್ಳಲೂ ಬಾರದು, ದೂರ ಹೋಗಲೂ ಬಾರದು. ನೀರು ಅಂಚಿಗಿಂತ ಅದೇ ಒಂದು ಕಾಳಿನಷ್ಟು ಕೆಳಗೆ. ಜವೆ ಸಿಗದ ನಮ್ಮೂರಲ್ಲಿ ಬೆಳ್ತಿಗೆ ಅಕ್ಕಿಯ ಕಾಳಿನ ಅಳತೆ ಸಾಕು. ಸಂಜೆ ಬಲದಿಂದ ಎಡಕ್ಕೆ ಖಾಲಿ ಮಾಡಿ, ಒರೆಸಿ, ಮಗುಚಿಡಿ. ಖಾಲಿ ಬಟ್ಟಲನ್ನು ಅಂಗಾತ ಇಡುವುದಿಲ್ಲ.

ಲೋಹ ಯಾವುದು? ಮಠಗಳಲ್ಲಿ ತಾಮ್ರ, ಹಿತ್ತಾಳೆ, ಬೆಳ್ಳಿ ಎಲ್ಲ ಉಂಟು. ಇಲ್ಲಿ ನಿರ್ಧಾರ ಮಾಡುವುದು ನಿಮ್ಮ ಬಾವಿ. ಮುರಕಲ್ಲಿನ ನೆಲದ ಬಾವಿನೀರು ಸಾಮಾನ್ಯವಾಗಿ ತುಸು ಆಮ್ಲೀಯ. ತಾಮ್ರದ ಬಟ್ಟಲಲ್ಲಿ ದಿನವಿಡೀ ನಿಂತರೆ ನೀರಿನ ಮಟ್ಟದ ಗೆರೆಯಲ್ಲಿ ಹಸಿರು ಬಳೆ ಕೂರುತ್ತದೆ. ದಿನಾ ತಿಕ್ಕುವ ಮನಸ್ಸಿದ್ದರೆ ತಾಮ್ರ ತನ್ನಿ, ಹುಣಸೆಹುಳಿಯೋ ಬಿಂಬುಳಿಯೋ ಹಾಕಿ ಉಜ್ಜಿದರೆ ಎರಡು ನಿಮಿಷದ ಕೆಲಸ. ಇಲ್ಲದವರಿಗೆ ಸ್ಟೀಲು ಅಥವಾ ಗಾಜು. ಗಾಜಿನ ಬಟ್ಟಲಿನಲ್ಲಿ ನೀರಿಟ್ಟರೆ ದೋಷವೇನಿಲ್ಲ; ಕೊಳಕು ಬೆಳ್ಳಿಗಿಂತ ಶುಭ್ರ ಗಾಜು ಮೇಲು. ಕೊಳ್ಳುವಾಗ ಏಳನ್ನೂ ಸಾಲಾಗಿಟ್ಟು ಕಣ್ಣನ್ನು ಅಂಚಿನ ಮಟ್ಟಕ್ಕೆ ತಂದು ನೋಡಿ. ಎತ್ತರ ಹೆಚ್ಚುಕಡಿಮೆಯಾದರೆ ನೀರಿನ ಗೆರೆ ಯಾವತ್ತೂ ಒಂದಾಗದು.

ದೀಪಕ್ಕೆ ಟಿಬೆಟಿಯನ್ನರ ಬೆಣ್ಣೆದೀಪವನ್ನೇ ತರಬೇಕೆಂದಿಲ್ಲ. ಅದರ ಆಳದ ಬಟ್ಟಲು, ನಡುವೆ ನೆಟ್ಟಗೆ ನಿಂತ ಬತ್ತಿ ಗಟ್ಟಿಯಾಗುವ ಬೆಣ್ಣೆಗೆ ತಕ್ಕುದು. ತೆಂಗಿನೆಣ್ಣೆ ಉರಿಸುವ ನಮ್ಮ ಮನೆಗೆ ಬತ್ತಿ ಅಂಚಿಗೆ ಒರಗುವ ಕಾಲುದೀಪವೇ ಸಲೀಸು.

ಮಾಲೆ

ಮಣಿ 108, ಮೇಲೆ ಒಂದು ಗುರುಮಣಿ. ಕೈಗೆ ಸುತ್ತುವಂಥದ್ದು 27ರದ್ದು, ನಾಲ್ಕು ಸುತ್ತಿಗೆ ಲೆಕ್ಕ ಸರಿ. ಎಣಿಕೆಗೆಂದು ಹತ್ತು ಹತ್ತು ಉಂಗುರದ ಎರಡು ಬಾಲ ಕಟ್ಟುತ್ತಾರೆ, ಒಂದರ ತುದಿಗೆ ಪುಟ್ಟ ವಜ್ರ, ಇನ್ನೊಂದಕ್ಕೆ ಪುಟ್ಟ ಗಂಟೆ. ಒಂದು ನೂರನ್ನು, ಇನ್ನೊಂದು ಸಾವಿರವನ್ನು ಲೆಕ್ಕ ಹಿಡಿಯಲು.

ಬೋಧಿಬೀಜ ಎಂದು ಮಾರುವ ಮಣಿ ಅಶ್ವತ್ಥದ್ದಲ್ಲ. ಅಶ್ವತ್ಥದ ಬೀಜ ಸಾಸಿವೆಗಿಂತ ಚಿಕ್ಕದು, ಅದಕ್ಕೆ ತೂತು ಕೊರೆಯುವವರಿಲ್ಲ. ನೇಪಾಳದ ಕಾವ್ರೆ ಜಿಲ್ಲೆಯ ತಿಮಾಲ್ ಕಡೆಯ ಒಂದು ಬಗೆಯ ಬೋರೆಯ ಬೀಜ ಅದು. ಚುಕ್ಕಿಚುಕ್ಕಿಯ ನಡುವೆ ಒಂದು ದುಂಡು ಕಣ್ಣಿರುವ ಚಂದ್ರ-ನಕ್ಷತ್ರದ ಮಣಿ ಬೆತ್ತದ ಜಾತಿಯ ಬೀಜ. ಎರಡೂ ಅಸಲಿ ವಸ್ತುಗಳೇ, ಹೆಸರನ್ನು ನಂಬಿ ಬೆಲೆ ಏರಿಸಿಕೊಳ್ಳಬೇಡಿ ಅಷ್ಟೆ. ಶಾಸ್ತ್ರದ ಹಂಚಿಕೆಯಲ್ಲಿ ಶಾಂತಕರ್ಮಕ್ಕೆ ಸ್ಫಟಿಕ, ವಶ್ಯಕ್ಕೆ ಹವಳ, ರಕ್ತಚಂದನ, ಉಗ್ರಕ್ಕೆ ರುದ್ರಾಕ್ಷಿ, ಎಲುಬು. ಎಲ್ಲಕ್ಕೂ ಸಲ್ಲುವುದು ಬೋಧಿಬೀಜ.

ನಮ್ಮ ಹವೆಯಲ್ಲಿ ಮಣಿಗಿಂತ ಮೊದಲು ಕೆಡುವುದು ದಾರ. ಹತ್ತಿದಾರ ಬೆವರು ಕುಡಿದು ಒಂದೇ ಮಳೆಗಾಲದಲ್ಲಿ ಕೊಳೆಯುತ್ತದೆ. ಮೇಣ ಹಚ್ಚಿದ ನೈಲಾನ್ ದಾರಕ್ಕೆ ಪೋಣಿಸಿಕೊಡಲು ಹೇಳಿ. ದಾರದಲ್ಲಿ ಒಟ್ಟು ಎರಡು ಮಣಿಯಷ್ಟು ಸಡಿಲು ಬಿಡಿಸಿ. ಬಿಗಿಯಾಗಿದ್ದರೆ ಬೆರಳಿನಲ್ಲಿ ಮಣಿ ಸರಿಯದು. ಹೊಸ ಬೀಜದ ಮಾಲೆಯನ್ನು ಕೊಂಡ ಕೂಡಲೇ ತೂತುಗಳನ್ನು ನೋಡಿ. ಹಿಟ್ಟಿನಂಥ ಹುಡಿ ಉದುರಿದರೆ ಒಳಗೆ ಹುಳ ಉಂಟು.

ಉಳಿದವು

ಮಣಿಚಕ್ರ ಕೊಳ್ಳುವುದಾದರೆ ಮುಚ್ಚಳ ತೆಗೆಸಿ. ಒಳಗೆ ಓಂ ಮಣಿ ಪದ್ಮೇ ಹೂಂ ಅಚ್ಚಾದ ಕಾಗದದ ಸುರುಳಿ ಬಿಗಿಯಾಗಿ ಸುತ್ತಿರಬೇಕು. ಖಾಲಿ ಡಬ್ಬಿಯೇ ಬರುವುದುಂಟು. ತಿರುಗಿಸುವುದು ಪ್ರದಕ್ಷಿಣೆಯ ದಿಕ್ಕಿಗೆ. ಮಳೆಗಾಲದಲ್ಲಿ ಸುರುಳಿಗೆ ಬೂಸ್ಟು ಹಿಡಿಯುತ್ತದೆ, ವರ್ಷಕ್ಕೊಮ್ಮೆ ಫೆಬ್ರವರಿಯ ನೆರಳಗಾಳಿಯಲ್ಲಿ ಒಣಗಿಸಿ.

ಮೂರು ಅಲಗಿನ ಕೀಲ ಅಭಿಷೇಕ ಇಲ್ಲದವರಿಗೆ ಬೇಡ. ತಲೆಬುರುಡೆಯ ಬಟ್ಟಲು, ತೊಡೆಯೆಲುಬಿನ ಕಹಳೆ ನಿಜವಾದ ಮನುಷ್ಯ ಮೂಳೆಯದ್ದೆಂದು ತೋರಿಸಿದರೆ ಮಾತು ಮುಂದುವರಿಸಬೇಡಿ. ನೂರೈವತ್ತು ವರ್ಷ ಹಳೆಯದು ಎಂಬ ಮಾತಿಗೂ ಹಾಗೆಯೇ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಲೋಹದ ಕಲಾವಸ್ತು ಪುರಾತನ ವಸ್ತು. ಅದನ್ನು ಮಾರುವ ವ್ಯಾಪಾರಕ್ಕೆ ಪರವಾನಗಿ ಬೇಕು. ಮಾತು ನಿಜವಾದರೆ ಕಾಗದಪತ್ರ ಇರಬೇಕು, ಸುಳ್ಳಾದರೆ ಬೆಲೆ ಇಳಿಯಬೇಕು. ಸಾಮಾನ್ಯವಾಗಿ ಬೆಲೆ ಇಳಿಯುತ್ತದೆ.

ಮನೆಗೆ ತಂದ ಮೇಲೆ

ಕುಂಬಳೆ, ಬೇಕಲದಂಥ ಕಡಲ ಬದಿಯ ಮನೆಗಳಲ್ಲಿ ಗಾಳಿಯ ಉಪ್ಪು ಕಂಚಿಗೆ ಶತ್ರು. ಒಂದೇ ಸಮನಾಗಿ ಕಪ್ಪುಗಂದಾಗುವುದು ರೋಗವಲ್ಲ, ಬಿಡಿ. ಅಲ್ಲಲ್ಲಿ ತೆಳುಹಸಿರು ಹುಡಿ ಏಳತೊಡಗಿದರೆ ಅದು ಉಪ್ಪಿನ ಕೆಲಸ, ಒಳಗೊಳಗೇ ತಿನ್ನುತ್ತದೆ. ಬಿದಿರುಕಡ್ಡಿಯಿಂದ ಹುಡಿಯನ್ನು ಕೆರೆದು, ಬ್ಯಾಟರಿಗೆ ಹಾಕುವ ಭಟ್ಟಿನೀರಿನಲ್ಲಿ ಮುಳುಗಿಸಿಟ್ಟು, ದಿನಾ ನೀರು ಬದಲಿಸುತ್ತಾ ಒಂದು ವಾರ ಬಿಡಿ. ಬಿಸಿಲಲ್ಲಿ ಪೂರ್ತಿ ಒಣಗಿದ ಮೇಲೆ ತೆಳ್ಳಗೆ ಜೇನುಮೇಣ ಸವರಿ. ಹುಣಸೆಹುಳಿ ಬರೀ ತಾಮ್ರಕ್ಕೆ ಸರಿ. ಚಿನ್ನದ ಮುಲಾಮಿಗೆ, ಬಣ್ಣಗಟ್ಟಿಸಿದ ಕಂಚಿಗೆ, ವೈಡೂರ್ಯದ ಹರಳು ಅಂಟಿಸಿದ್ದಕ್ಕೆ ಅದನ್ನು ಸೋಕಿಸಬೇಡಿ; ಮುಲಾಮು ಸವೆಯುತ್ತದೆ, ಹರಳಿನ ಅಂಟು ಬಿಡುತ್ತದೆ. ಹಿತ್ತಾಳೆಯನ್ನು ಹುಳಿಯಲ್ಲಿ ರಾತ್ರಿಯಿಡೀ ನೆನೆಹಾಕಿದರೆ ಮೇಲ್ಮೈಯ ಸತು ಕರಗಿ ಗುಲಾಬಿ ಕಲೆ ಉಳಿಯುತ್ತದೆ, ಆಮೇಲೆ ಯಾವ ಪಾಲಿಶಿಗೂ ಬಗ್ಗದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಳಸದ ಸಾಮಾನನ್ನು ಪತ್ರಿಕೆಯಲ್ಲಿ ಸುತ್ತಿಡಬೇಡಿ, ಕಾಗದ ತೇವ ಹೀರಿ ಲೋಹಕ್ಕೆ ಅಂಟುತ್ತದೆ. ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿ, ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಎರಡು ಪೊಟ್ಟಣ ಸಿಲಿಕಾ ಜೆಲ್ ಜತೆ ಇಡಿ. ಗಂಟೆಯ ನಾಲಗೆಗೆ ಬಟ್ಟೆ ಸುತ್ತಲು ಮರೆಯಬೇಡಿ: ನಾಲಗೆ ಕಬ್ಬಿಣದ್ದಾದರೆ ಮಳೆಗಾಲ ಮುಗಿಯುವಾಗ ಅದರ ತುಕ್ಕು ತುಟಿಯ ಒಳಗೆ, ಸರಿಯಾಗಿ ಬಡಿಯುವ ಜಾಗದಲ್ಲೇ ಕಚ್ಚಿರುತ್ತದೆ.